ಕಿವುಡಪ್ಪನ ಕಿಂಡಿ

ಹಾಲಗಲ್ಲು ನಗರದ ದಂಡು ಪ್ರದೇಶದಲ್ಲಿ ಭಾನುವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಒಂದು ನಡಿಗೆ ಹೊರಡುತ್ತದೆ. ಅದಕ್ಕೆ ಪಾರಂಪರಿಕ ನಡಿಗೆ ಎಂದು ಹೆಸರು. ಬಿಳಿಯರು ಕಟ್ಟಿ ಬಿಟ್ಟುಹೋದ ಕಟ್ಟಡಗಳನ್ನು ತೋರಿಸಿ, ಒಂದೊಂದರ ಮುಂದೆಯೂ ಒಂದೊಂದು ಕಥೆ ಹೇಳಿ, ಹತ್ತೂವರೆಯ ಹೊತ್ತಿಗೆ ಎಲ್ಲರನ್ನೂ ಒಗ್ಗರಣೆ ಮಿರ್ಚಿ ಹೋಟೆಲಿನ ಬಾಗಿಲು ಮುಟ್ಟಿಸುವುದು ಅದರ ಕ್ರಮ. ಮುಂದೆ ನಡೆಯುವವರು ಗಾದಿಲಿಂಗಪ್ಪ ಮೇಷ್ಟ್ರು. ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಮಳೆಯಿರಲಿ ಬಿಡಲಿ, ಕೈಯಲ್ಲೊಂದು ಕಪ್ಪು ಕೊಡೆ. ಆ ಕೊಡೆಯ ತುದಿಯಿಂದಲೇ ಅವರು ಇಗರ್ಜಿಯ ಬೆಂಚುಗಳಲ್ಲಿ ಬಂದೂಕು ಆನಿಸಲು ಕೊರೆದ ಕಚ್ಚುಗಳನ್ನು ತೋರಿಸುತ್ತಾರೆ, ನಾಲ್ಕು ಮುಖಕ್ಕೂ ನಾಲ್ಕು ಹೊತ್ತು ತೋರಿಸುವ ಗಡಿಯಾರದ ಗೋಪುರ ತೋರಿಸುತ್ತಾರೆ, ಗೋರಿಗಳ ತೋಟದಲ್ಲಿ ಯಾವನೋ ಕರ್ನಲ್ ತನ್ನ ನಾಯಿಗೆ ಹಾಕಿಸಿದ ಅಮೃತಶಿಲೆಯ ಕಲ್ಲು ತೋರಿಸುತ್ತಾರೆ. ನಾಯಿಯ ಹೆಸರು, ಅದು ಹುಟ್ಟಿದ ದಿನ, ಸತ್ತ ದಿನ, ಅದರ ಗುಣಸ್ವಭಾವ ಎಲ್ಲವೂ ಆ ಕಲ್ಲಿನ ಮೇಲೆ ಅಚ್ಚುಕಟ್ಟಾಗಿ ಕೆತ್ತಿದೆ. ಬಂದವರು ಅದರ ಮುಂದೆ ನಿಂತು ಅಯ್ಯೋ ಪಾಪ ಎನ್ನುತ್ತಾರೆ. ಮೇಷ್ಟ್ರು ಮುಂದೆ ನಡೆಯುತ್ತಾರೆ.

ನಡಿಗೆಯ ಕೊನೆಯ ತಾಣ ದಂಡಿನ ಕಚೇರಿ. ಹದಿನಾರು ದುಂಡುಗಂಬಗಳ ಜಗಲಿ, ತೇಗದ ತೊಲೆಗಳ ಮೇಲೆ ಇಟ್ಟಿಗೆ ಕೂರಿಸಿ ಗಾರೆ ಬಡಿದ ತಾರಸಿ, ಆಳೆತ್ತರದ ಕಿಟಕಿಗಳು. ಒಂದು ಕಾಲಕ್ಕೆ ಇಲ್ಲಿ ದಂಡಿನ ದೊರೆ ಕೂರುತ್ತಿದ್ದ. ಆಮೇಲೆ ತಾಲೂಕು ಕಚೇರಿಯ ಹಳೆ ಕಡತಗಳು ಕೂತವು. ಈಗ ಪಾರಂಪರಿಕ ಕಟ್ಟಡವೆಂದು ಸುಣ್ಣ ಬಳಿದು ಖಾಲಿ ಇಟ್ಟಿದ್ದಾರೆ. ಅದರ ತೆಂಕಣ ಗೋಡೆಯಲ್ಲಿ, ಹೊರಗೆ ನೆಲದ ಮೇಲೆ ಕೂತ ಮನುಷ್ಯನ ಎದೆಯ ಮಟ್ಟಕ್ಕೆ, ತೋಳು ತೂರುವಷ್ಟು ಅಗಲದ ಒಂದು ಕಿಂಡಿಯಿದೆ. ಕಿಂಡಿಗೆ ಕರಿಗಲ್ಲಿನ ಚೌಕಟ್ಟು. ಆ ಕಲ್ಲಿನ ಕೆಳತುಟಿಯಲ್ಲಿ, ಸೇದುವ ಬಾವಿಯ ಕಲ್ಲಿನಲ್ಲಿ ಇರುವಂಥದೇ ಒಂದು ಗೀರು, ಹೆಬ್ಬೆರಳು ಹೂತುಹೋಗುವಷ್ಟು ಆಳ. ಸುತ್ತ ಅರಿಸಿನ ಕುಂಕುಮ ಮೆತ್ತಿದೆ. ಪಕ್ಕದಲ್ಲಿ ಇಲಾಖೆಯ ಫಲಕ: ‘ಗಾಳಿಕಿಂಡಿ. ಮುಟ್ಟಬಾರದು.’ ಯಾರೂ ಅದನ್ನು ಗಾಳಿಕಿಂಡಿ ಎನ್ನುವುದಿಲ್ಲ, ಮುಟ್ಟದೆ ಬಿಡುವುದೂ ಇಲ್ಲ. ಕಿವುಡಪ್ಪನ ಕಿಂಡಿ ಎಂದೇ ಅದರ ಹೆಸರು. ಮಾತು ತಡವಾದ ಮಕ್ಕಳನ್ನು, ಕಿವಿ ಮಂದವಾದ ಮಕ್ಕಳನ್ನು ತಾಯಂದಿರು ಕರೆತಂದು ಹೊರಗೆ ಕಿಂಡಿಗೆ ಕಿವಿಯಿಡಿಸಿ ಕೂರಿಸುತ್ತಾರೆ. ಒಳಗಿನಿಂದ ಒಬ್ಬರು ಮಗುವಿನ ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ. ಇನ್ನೊಂದು ಕಟ್ಟಳೆಯೂ ಉಂಟು. ಕಿಂಡಿ ಮುಟ್ಟಿದವರು ಗೇಟು ದಾಟುವವರೆಗೆ ಹಿಂದಿನಿಂದ ಯಾರು ಕರೆದರೂ ತಿರುಗಿ ನೋಡಬಾರದಂತೆ. ಮೊಬೈಲಿನ ವಿಡಿಯೋಗಳಲ್ಲಿ ಊರಿಗಿಂತ ಈ ಕಟ್ಟಳೆಯೇ ಹೆಚ್ಚು ಹೆಸರಾಗಿದೆ.

ಈ ಕಟ್ಟಳೆಯನ್ನು ಮೇಷ್ಟ್ರು ತಾವಾಗಿ ಹೇಳುವುದಿಲ್ಲ. ಬಂದವರಿಗೆ ಅದು ಮೊದಲೇ ಗೊತ್ತಿರುತ್ತದೆ. ಅದಕ್ಕೆಂದೇ ಅರ್ಧ ಜನ ಬಂದಿರುತ್ತಾರೆ. ಮೇಷ್ಟ್ರು ಎಲ್ಲರನ್ನೂ ಜಗಲಿಯ ಮೆಟ್ಟಿಲ ಮೇಲೆ ಕೂರಿಸಿ, ಕೊಡೆ ಮಡಚಿ ಮಂಡಿಯ ಮೇಲಿಟ್ಟುಕೊಳ್ಳುತ್ತಾರೆ. ದೆವ್ವದ ಕಥೆಯೇ ಸಾರ್ ಎಂದು ಯಾರಾದರೂ ಕೇಳಿದರೆ, ದೆವ್ವಗಳಿಗೆ ಇದಕ್ಕಿಂತ ಮರ್ಯಾದೆ ಇರುತ್ತದೆ ಎನ್ನುತ್ತಾರೆ. ಆಮೇಲೆ ಶುರುಮಾಡುತ್ತಾರೆ.

ಹಿಂದೆ ಒಮ್ಮೆ, ಈ ಊರಿಗೆ ವಿದ್ಯುತ್ತು ಬರುವುದಕ್ಕೆ ಎಷ್ಟೋ ಮುಂಚೆ, ಈ ಕಚೇರಿಯ ನಡುಕೋಣೆಯಲ್ಲಿ ಒಂದು ಪಂಖಾ ತೂಗುತ್ತಿತ್ತಂತೆ. ಪಂಖಾ ಎಂದರೆ ಈಗಿನ ಫ್ಯಾನಲ್ಲ. ಮರದ ಚೌಕಟ್ಟಿಗೆ ದಪ್ಪ ಬಟ್ಟೆ ಹೊಲಿದು ತೊಲೆಗೆ ತೂಗುಹಾಕಿದ, ಮಂಚದುದ್ದದ ಬೀಸಣಿಗೆ. ಅದರ ಹಗ್ಗ ಗೋಡೆಯ ಕಿಂಡಿಯಲ್ಲಿ ಹಾದು ಹೊರಗೆ ಬರುತ್ತಿತ್ತು. ಹೊರಗೆ ನೆಲದಲ್ಲಿ ಒಬ್ಬ ಆಳು ಕೂತು ಆ ಹಗ್ಗವನ್ನು ಎಳೆಯಬೇಕು, ಬಿಡಬೇಕು, ಎಳೆಯಬೇಕು, ಬಿಡಬೇಕು. ಕಿಂಡಿಯಲ್ಲಿ ಮೊದಲು ಹಿತ್ತಾಳೆಯ ರಾಟೆಯಿತ್ತಂತೆ. ಅದು ಮುರಿದ ಮೇಲೆ ಯಾರೂ ಹೊಸದು ಹಾಕಿಸಲಿಲ್ಲ. ಒಳಗೆ ಗಾಳಿ ಬೀಸುತ್ತಿದ್ದರೆ ಸಾಕು, ಹೊರಗೆ ಕಲ್ಲು ಸವೆದರೇನು, ಕೈ ಸವೆದರೇನು. ಒಳಗೆ ದೊರೆ ಕೂತು ಸುತ್ತಿನ ಊರುಗಳ ಹಣೆಬರಹ ಬರೆಯುತ್ತಿದ್ದನಾದ್ದರಿಂದ ಒಂದು ಕಟ್ಟುನಿಟ್ಟಿತ್ತು. ಹಗ್ಗ ಎಳೆಯುವವನು ಕಿವುಡನೂ ಮೂಗನೂ ಆಗಿರಬೇಕು. ಕೆಲಸ ಕೇಳಿ ಬಂದವನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಹಿಂದಿನಿಂದ ಹಿತ್ತಾಳೆಯ ಹರಿವಾಣವನ್ನು ಕಲ್ಲುಹಾಸಿನ ಮೇಲೆ ಬೀಳಿಸುತ್ತಿದ್ದರಂತೆ. ಬೆಚ್ಚಿದವನು ಮನೆಗೆ, ಬೆಚ್ಚದವನು ಹಗ್ಗಕ್ಕೆ.

ಹುಲುಗಪ್ಪ ಹೊಳೆಯಾಚೆಯಿಂದ ಹೊಟ್ಟೆಪಾಡಿಗೆ ಹೆಂಡತಿ ಸುಂಕಮ್ಮನ ಜೊತೆ ನಡೆದುಬಂದವನು. ಅವನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ನಾಲಗೆಯೂ ನೆಟ್ಟಗಿತ್ತು. ಆದರೆ ಊರಲ್ಲಿ ಖಾಲಿಯಿದ್ದ ಕೆಲಸ ಅದೊಂದೇ. ಊರ ಹೊರಗಿನ ಹುಣಸೆಮರದಡಿ ಹದಿನೈದು ದಿನ ಸುಂಕಮ್ಮ ಅವನ ಬೆನ್ನ ಹಿಂದೆ ನಿಂತು ಕಲ್ಲಿಗೆ ಕಲ್ಲು ಹೊಡೆದಳಂತೆ, ಅವನು ಬೆಚ್ಚುವುದನ್ನು ಬಿಡುವವರೆಗೆ. ಮೊದಮೊದಲು ಇಬ್ಬರಿಗೂ ನಗು. ಹದಿನೈದನೆಯ ದಿನ ಅವಳು ಅವನ ಹೆಸರು ಹಿಡಿದು ಕೂಗಿದಾಗಲೂ ಅವನ ಹೆಗಲು ಅಲುಗಲಿಲ್ಲ. ಆಗ ಅವಳಿಗೆ ಅಳು ಬಂತು. ಹರಿವಾಣ ಬಿತ್ತು, ಹುಲುಗಪ್ಪ ಅಲುಗಲಿಲ್ಲ, ಕೆಲಸ ಸಿಕ್ಕಿತು. ಅವರು ಗುಡಿಸಲು ಹಾಕಿಕೊಂಡದ್ದು ದಂಡಿನ ಕೆರೆಯ ತೆಂಕಣಕ್ಕೆ, ತಗ್ಗಿನಲ್ಲಿದ್ದ ಹುಲ್ಲುಕೇರಿಯಲ್ಲಿ. ರಾವುತರ ಕುದುರೆಗಳಿಗೆ ಹುಲ್ಲು ಕೊಯ್ದು ಹಾಕುವವರ ಕೇರಿ ಅದು. ಹೊಸಬನಾದ್ದರಿಂದ ಅವನ ಹಿಂದಿನ ದನಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇರಿಯ ಹೆಂಗಸರು ಬಂಗಲೆಗಳಲ್ಲಿ ಕಸಮುಸುರೆ ಮಾಡುವವರು; ಕೇರಿಯಲ್ಲಿ ಆಡಿದ ಮಾತು ಬೆಳಗಾಗುವುದರೊಳಗೆ ಬಂಗಲೆಯ ಬಟ್ಲರನ ಕಿವಿಗೆ ಬೀಳುತ್ತಿತ್ತು. ಹಾಗಾಗಿ ಅವನು ಕೇರಿಗೂ ಕಿವುಡನೇ ಆದ. ಜನ ಅವನನ್ನು ಕಿವುಡಪ್ಪ ಎಂದರು. ಮಗಳು ದುರುಗಿ ಹುಟ್ಟಿದ ಮೇಲೆ, ಮಕ್ಕಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲವೆಂದು, ಹೆಂಡತಿಯ ಜೊತೆ ಪಿಸುಗುಟ್ಟುವುದನ್ನೂ ನಿಲ್ಲಿಸಿದ.

ಆ ಮಗು ಅಪ್ಪನನ್ನು ಹಿಂದಿನಿಂದ ಕರೆದು ಕರೆದು ನೋಡುತ್ತಿತ್ತಂತೆ. ಅಪ್ಪಾ ಎನ್ನುವುದು, ಕಾಯುವುದು, ಮತ್ತೆ ಅಪ್ಪಾ ಎನ್ನುವುದು. ಹುಲುಗಪ್ಪ ತಿರುಗುತ್ತಿರಲಿಲ್ಲ. ಒಂದು ಸಲ ತಿರುಗಿದರೆ ಮೂವರ ಅನ್ನ ಹೋಗುತ್ತದೆ ಎಂದು ಹಲ್ಲು ಕಚ್ಚಿ ಮುಂದೆ ನೋಡುತ್ತ ಕೂರುತ್ತಿದ್ದ. ಕೊನೆಗೆ ಅವಳೇ ಸುತ್ತಿ ಬಂದು ಎದುರು ನಿಂತು ಕೈಸನ್ನೆ ಮಾಡುವುದನ್ನು ಕಲಿತಳು. ಆಮೇಲೆ ಇನ್ನೊಂದು ಕಲಿತಳು. ಯಾರಿಗೂ ಹೇಳಲಾಗದ್ದನ್ನೆಲ್ಲ ಅವನಿಗೆ ಹೇಳುವುದನ್ನು. ಹುಣಸೆಹಣ್ಣು ಕದ್ದದ್ದು, ಕೇರಿಯ ಹುಡುಗಿಯರು ಕಿವುಡನ ಮಗಳು ಎಂದು ಆಟಕ್ಕೆ ಸೇರಿಸದೆ ಓಡಿಸಿದ್ದು, ಮಾತಾಡುವ ಅಪ್ಪನನ್ನು ಕೊಡು ಎಂದು ಮಾರೆಮ್ಮನಿಗೆ ಹರಕೆ ಹೊತ್ತು ಆಮೇಲೆ ಹೆದರಿಕೆಯಾಗಿ ವಾಪಸು ಪಡೆದದ್ದು, ಎಲ್ಲ. ಅವನ ತೊಡೆಯ ಮೇಲೆ ತಲೆಯಿಟ್ಟು, ಕಿವುಡನಲ್ಲವೇ ಎಂಬ ಧೈರ್ಯದ ಮೇಲೆ, ಆ ಮಗು ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಗೆ ಹಾಕುತ್ತಿತ್ತು. ಅವನು ಎಲ್ಲವನ್ನೂ ಕೇಳಿಸಿಕೊಂಡು ಬರಿದೇ ಅವಳ ಕೂದಲು ಸವರುತ್ತಿದ್ದ. ಹೀಗೆ ದುರುಗಿಗೆ ಒಂಬತ್ತು ತುಂಬಿತು.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲವಂತೆ. ಬಯಲುಸೀಮೆಯ ಆಕಾಶಕ್ಕೆ ಬುದ್ಧಿ ಕೆಟ್ಟಂತೆ ಎಂಟು ದಿನ ಸುರಿಯಿತು. ದಂಡಿನ ಕೆರೆ ಅಂಚಿನವರೆಗೆ ತುಂಬಿ, ಕೋಡಿಯಲ್ಲಿ ನೀರು ಹಿಡಿಸದೆ, ಏರಿ ಅಲ್ಲಲ್ಲಿ ಬೆವರತೊಡಗಿತು. ಒಂಬತ್ತನೆಯ ದಿನ ಮಳೆ ನಿಂತಿತು, ಮೋಡ ಮಾತ್ರ ಕವಿದುಕೊಂಡೇ ಇತ್ತು, ಕೆಟ್ಟ ಧಗೆ. ಬೆಳಿಗ್ಗೆ ಹತ್ತಕ್ಕೆ ನಡುಕೋಣೆಯಲ್ಲಿ ದೊರೆ, ಇಂಜಿನಿಯರು, ಊರಿನ ಅಮಲ್ದಾರ ಸೇರಿದರು. ಅಮಲ್ದಾರ ನಮ್ಮವನೇ, ಇಂಗ್ಲಿಷು ಬಾರದು. ಆದ್ದರಿಂದ ಪ್ರತಿ ಮಾತನ್ನೂ ದುಭಾಷಿ ಕನ್ನಡಕ್ಕೆ ಇಳಿಸಬೇಕಿತ್ತು. ಹೊರಗೆ ಹಗ್ಗ ಎಳೆಯುತ್ತಿದ್ದ ಹುಲುಗಪ್ಪನಿಗೆ ಕಿಂಡಿಯಿಂದ ಕೇಳಿಸಿದ್ದು ಆ ಕನ್ನಡ. ಸಂಜೆಯೊಳಗೆ ಏರಿ ಒಡೆಯುವುದು ಖಂಡಿತ. ತಾನಾಗಿ ಒಡೆದರೆ ದಂಡಿನ ಕಡೆಗೆ ಒಡೆಯುತ್ತದೆ, ಮದ್ದುಗುಂಡಿನ ಮನೆ, ಕುದುರೆ ಲಾಯ, ಬಂಗಲೆಗಳು ಕೊಚ್ಚಿಹೋಗುತ್ತವೆ. ಆದಕಾರಣ ಮೂರು ಗಂಟೆಗೆ ತೆಂಕಣ ಮೂಲೆಯಲ್ಲಿ ಏರಿಯನ್ನು ಕಡಿಸುವುದು.

“ಅಲ್ಲಿ ಹುಲ್ಲುಕೇರಿ ಐತಲ್ರೀ,” ಎಂದ ಅಮಲ್ದಾರ. “ಡಂಗುರ ಸಾರಿಸ್ಬೇಕೇನು?”

ದುಭಾಷಿ ದೊರೆಯನ್ನು ಕೇಳಿ ಹೇಳಿದ. “ಬ್ಯಾಡ ಅಂತಾರೆ ದೊರೆ. ಸಾರಿಸಿದ್ರೆ ಕೇರಿಯೋರೆಲ್ಲಾ ಬಂದು ಏರಿ ಮ್ಯಾಲೆ ಕುಂತ್ಕಂತಾರೆ. ಆಮೇಲೆ ಕಡಿಯೋದು ಹ್ಯಾಂಗೆ?”

ಹುಲುಗಪ್ಪ ಹಗ್ಗ ಎಳೆಯುತ್ತಲೇ, ಅಮಲ್ದಾರನೇನಾದರೂ ಅನ್ನಬಹುದು, ನಮ್ಮ ಭಾಷೆಯವನಲ್ಲವೇ, ಒಂದು ಮಾತಾದರೂ ಅನ್ನಬಹುದು ಎಂದು ಕಾದ. ಅಮಲ್ದಾರ ಅಂದದ್ದು ಇಷ್ಟು: “ನನ್ನವು ಎರಡು ಎಮ್ಮೆ ಆ ಕಡೆ ಮೇಯಾಕ ಹೋಗ್ಯಾವ್ರೀ. ಹೊಡ್ಕಂಡು ಬರಾಕ ಒಬ್ಬನ್ನ ಕಳಿಸ್ಲೇನು?” ಅದಕ್ಕೆ ಒಪ್ಪಿಗೆ ಸಿಕ್ಕಿತು.

ಹುಲುಗಪ್ಪನ ಕೈ ನಿಲ್ಲಲಿಲ್ಲ. ನಿಂತರೆ ಪಂಖಾ ನಿಲ್ಲುತ್ತದೆ. ಪಂಖಾ ನಿಂತರೆ ಒಳಗಿನವರು ತಲೆಯೆತ್ತುತ್ತಾರೆ. ಈ ಮಾತು ಆಡಿದ ಕೂಡಲೇ ಕಿವುಡ ಎದ್ದು ಓಡಿದನೆಂದರೆ ಅರ್ಥವಾಗಲು ಇಂಜಿನಿಯರೇ ಬೇಕಿಲ್ಲ. ಆಗ ಮೂರರವರೆಗೆ ಯಾರು ಕಾಯುತ್ತಾರೆ, ಈಗಲೇ ಕಡಿಸುತ್ತಾರೆ. ಬದಲಿ ಆಳು ಪಕ್ಕೀರಪ್ಪ ಬರುವುದು ಹನ್ನೆರಡಕ್ಕೆ. ಹನ್ನೆರಡಕ್ಕೆ ಹಗ್ಗ ಅವನ ಕೈಗೆ ಕೊಟ್ಟು ದಿನದಂತೆ ಎದ್ದು ಹೋದರೆ ಯಾರಿಗೂ ಗುಮಾನಿಯಿಲ್ಲ. ಕೇರಿ ಅರ್ಧ ಗಂಟೆಯ ದಾರಿ. ಮೂರಕ್ಕೆ ಇನ್ನೂ ಎರಡೂವರೆ ಗಂಟೆ ಮಿಗುತ್ತದೆ. ಅಷ್ಟರಲ್ಲಿ ಮಕ್ಕಳು ಮುದುಕರು ಎಲ್ಲರನ್ನೂ ಗುಡ್ಡ ಹತ್ತಿಸಬಹುದು. ಹೀಗೆಲ್ಲ ಲೆಕ್ಕ ಹಾಕಿ ಅವನು ಹಗ್ಗ ಎಳೆದ. ಅದು ಲೆಕ್ಕವೋ ಹೆದರಿಕೆಯೋ ಎಂದು ಆಮೇಲೆ ಅವನನ್ನು ಅವನೇ ಎಷ್ಟು ಕೇಳಿಕೊಂಡನೋ, ದೇವರೇ ಬಲ್ಲ.

ಗುಡ್ಡದ ಮೇಲಿಂದ ಹನ್ನೆರಡರ ತೋಪು ಹಾರಿತು. ಪಕ್ಕೀರಪ್ಪ ಬರಲಿಲ್ಲ. ಪಕ್ಕೀರಪ್ಪ ನಿಜವಾದ ಕಿವುಡ, ಹುಟ್ಟು ಕಿವುಡ. ಅವನಿಗೆ ತೋಪಿನ ಸದ್ದಿಗೂ ಸೊಳ್ಳೆಯ ಸದ್ದಿಗೂ ವ್ಯತ್ಯಾಸವಿರಲಿಲ್ಲ. ಅವನು ದಿನಾ ಬರುತ್ತಿದ್ದುದು ನೆರಳು ನೋಡಿ. ಜಗಲಿಯ ಮೂರನೆಯ ಕಂಬದ ನೆರಳು ಕೆಳಮೆಟ್ಟಿಲಿನ ಅಂಚು ಮುಟ್ಟಿತೆಂದರೆ ಹನ್ನೆರಡು. ಮೋಡ ಕವಿದ ದಿನ ಸಾಮಾನ್ಯವಾಗಿ ಪಂಖಾ ಬೇಕಾಗುತ್ತಿರಲಿಲ್ಲ, ಎಂಟು ದಿನದ ಮಳೆಯಲ್ಲಂತೂ ಕಚೇರಿಯೇ ಮುಚ್ಚಿತ್ತಾದ್ದರಿಂದ ಈ ತೊಡಕು ಯಾರ ತಲೆಗೂ ಹೊಳೆದಿರಲಿಲ್ಲ. ಅಂದು ಮೋಡ, ಕಂಬಕ್ಕೆ ನೆರಳೇ ಇರಲಿಲ್ಲ. ಪಕ್ಕೀರಪ್ಪ ಎಲ್ಲೋ ದೂರದಲ್ಲಿ ಇದ್ದನೆಂದುಕೊಳ್ಳಬೇಡಿ. ಕಲ್ಲು ಬೀರಿದರೆ ಬೀಳುವಷ್ಟು ಹತ್ತಿರ, ಬೇವಿನ ಮರದಡಿ ಚುಟ್ಟ ಸೇದುತ್ತ, ಕಂಬದ ಬುಡವನ್ನೇ ನೋಡುತ್ತ, ನೆರಳು ಬರಲೆಂದು ನಿಷ್ಠೆಯಿಂದ ಕಾಯುತ್ತಿದ್ದ. ಹುಲುಗಪ್ಪ ಒಂದು ಕೈಯಲ್ಲಿ ಹಗ್ಗ ಎಳೆಯುತ್ತ ಇನ್ನೊಂದು ಕೈ ಬೀಸಿದ. ಅವನು ನೋಡಲಿಲ್ಲ. ಹರಳು ಎಸೆದ, ತಾಗಲಿಲ್ಲ. ಕೂಗುವಂತಿಲ್ಲ, ಕೂಗಿದರೂ ಕೇಳುವ ಕಿವಿ ಆ ಕಡೆ ಇಲ್ಲ. ಕಿವುಡರೇ ಬೇಕೆಂದು ಆರಿಸಿ ತಂದವರು ಒಳಗೆ ತಣ್ಣಗೆ ಕೂತಿದ್ದರು. ಒಂದೂವರೆಯಾದ ಮೇಲೆ ಅಡುಗೆಮನೆಯಿಂದ ದೊರೆಯ ಊಟದ ತಟ್ಟೆಗಳು ಹೋಗುವುದನ್ನು ಕಂಡು ಪಕ್ಕೀರಪ್ಪ ಗಾಬರಿಬಿದ್ದು ಓಡಿಬಂದನಂತೆ, ತಡವಾಯಿತೆಂದು ಕೆನ್ನೆ ಬಡಿದುಕೊಳ್ಳುತ್ತ.

ಗೇಟಿನವರೆಗೆ ಹುಲುಗಪ್ಪ ಮೆಲ್ಲಗೆ ನಡೆದ. ಪಹರೆಯವರ ಕಣ್ಣು ಮರೆಯಾದ ಮೇಲೆ ಓಡಿದ. ಏರಿಯ ಮೇಲಿನ ನೇರ ದಾರಿಯಲ್ಲಿ ಸಿಪಾಯಿಗಳು ಗುದ್ದಲಿ ಹಿಡಿದು ನಿಂತಿದ್ದರಾದ್ದರಿಂದ ಹಳ್ಳದ ಅಂಚಿನಲ್ಲಿ ಸುತ್ತು ಹಾಕಬೇಕಾಯಿತು. ಅರ್ಧ ಗಂಟೆಯ ದಾರಿ ಒಂದು ಗಂಟೆಯಾಯಿತು. ನಡುವೆ ಅಮಲ್ದಾರನ ಎಮ್ಮೆಗಳು ಎದುರಾದವು. ಹೊಟ್ಟೆ ತುಂಬ ಮೇದು, ನಿಧಾನವಾಗಿ ಮೆಲುಕು ಹಾಕುತ್ತ, ಎತ್ತರದ ಕಡೆಗೆ ಹೋಗುತ್ತಿದ್ದವು. ಅವನು ಪಕ್ಕಕ್ಕೆ ಸರಿದು ಅವುಗಳಿಗೆ ದಾರಿ ಬಿಟ್ಟ.

ಕೇರಿ ಮುಟ್ಟಿದಾಗ ಪಹರೆಯ ಗಂಟೆ ಎರಡೂವರೆ ಬಾರಿಸುತ್ತಿತ್ತು. ಸುಂಕಮ್ಮ ಹುಲ್ಲು ಹೊತ್ತು ಲಾಯದ ಕಡೆ ಹೋಗಿದ್ದಳು. ಇವನಿಗೆ ಮಾತು ಬರುತ್ತದೆಂದು ಹೇಳಬಲ್ಲ ಒಂದೇ ಜೀವ ಕೇರಿಯಲ್ಲಿರಲಿಲ್ಲ. ಗುಡಿಸಲುಗಳ ನಡುವೆ ನಿಂತು ಹುಲುಗಪ್ಪ ಬಾಯಿ ತೆರೆದ. ಒಂಬತ್ತು ವರ್ಷ ಬಳಸದ ಗಂಟಲು. ಮೊದಲು ಬಂದದ್ದು ಮಾತಲ್ಲ, ಒಂದು ಗೊಗ್ಗರು ಕೂಗು. ಆಮೇಲೆ ಮಾತು ಬಂತು. “ನೀರು ಬರ್ತೈತೆ! ಏರಿ ಕಡೀತಾರ! ಮಕ್ಕಳನ್ನ ಎತ್ಕಂಡು ಗುಡ್ಡ ಹತ್ತ್ರಲೇ!”

ಕೇರಿ ಕಲ್ಲಾಗಿ ನಿಂತಿತು. ಕಿವುಡ ಮೂಗ ಮಾತಾಡಿದ್ದಾನೆ. ಅಂಥದು ಯಾವಾಗ ಆಗುತ್ತದೆಂದು ಆ ಜನಕ್ಕೆ ಗೊತ್ತಿತ್ತು. ಒಬ್ಬ ಮುದುಕಿ ಬಂದು ಅವನ ಕಾಲಿಗೆ ಬಿದ್ದಳು. “ಬಂದ್ಯಾ ತಾಯೀ ಮಾರೆಮ್ಮಾ! ಎಂಟು ದಿನದಿಂದ ಕರೀತಿದ್ವಿ, ಮೂಗನ ಬಾಯಾಗೆ ಬಂದ್ಯಾ!” ಅಷ್ಟೇ ಸಾಕಾಯಿತು. ಯಾರೋ ಬೇವಿನ ಸೊಪ್ಪು ತಂದರು, ಯಾರೋ ಹಲಗೆ ಬಡಿದರು, ನಾಲ್ಕು ಜನ ಅವನನ್ನು ಎತ್ತಿ ಮಾರೆಮ್ಮನ ಕಟ್ಟೆಯ ಮೇಲೆ ಕೂರಿಸಿ ನೆತ್ತಿಗೆ ಅರಿಸಿನ ನೀರು ಸುರಿದರು. “ನಾನು ದೇವರಲ್ಲಲೇ, ಹುಲುಗಪ್ಪ! ಕಚೇರಿ ಕಿಂಡ್ಯಾಗೆ ನನ್ನ ಕಿವೀಲೆ ಕೇಳೀನಿ!” ಎಂದು ಅವನು ಅರಚಿದ. “ಹೌದು ತಾಯೀ, ನಿನಗೆ ಕೇಳಿಸದ್ದು ಯಾವುದೈತೆ,” ಎಂದು ಅವರು ಕೈಮುಗಿದರು. ಅವನು ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಅಮ್ಮ ಮುನಿದಿದ್ದಾಳೆಂದು ಬಿಗಿಯಾಗಿ ಹಿಡಿದರು. ಕೋಳಿ ಬೇಕೋ ಕುರಿ ಬೇಕೋ ಎಂದು ಕೇಳಿದರು. ಸುದ್ದಿ ಕೇಳಿ ಕೇರಿಯ ಮುಕ್ಕಾಲು ಜನ ಕಟ್ಟೆಯ ಸುತ್ತ ನೆರೆದರು.

ಗುಂಪಿನ ಅಂಚಿನಲ್ಲಿ ದುರುಗಿ ನಿಂತಿದ್ದಳು. ಎಲ್ಲರೂ ದೇವಿಯನ್ನು ನೋಡುತ್ತಿದ್ದರು; ಅವಳು ಅಪ್ಪನನ್ನು ನೋಡುತ್ತಿದ್ದಳು. ಅಷ್ಟು ಜನರಲ್ಲಿ ನಿಜ ಅರ್ಥವಾದದ್ದು ಆ ಮಗುವಿಗೆ ಒಬ್ಬಳಿಗೇ. ಹಲಗೆಯ ಸದ್ದಿನ ನಡುವೆ ಅವಳ ಮಾತು ಅವನಿಗೆ ಚೆನ್ನಾಗಿ ಕೇಳಿಸಿತು. “ಅಪ್ಪಾ, ನಿನಗೆ ಮೊದ್ಲಿಂದ ಕೇಳಿಸ್ತಿತ್ತಾ?”

ಹುಲುಗಪ್ಪ ತಲೆಯಾಡಿಸಿದ. ಬೇರೆ ಏನು ಮಾಡಬಹುದಿತ್ತು. ದೇವಿ ಒಪ್ಪಿದಳೆಂದು ಜನ ಉಘೇ ಎಂದರು. ದುರುಗಿಯ ಮುಖ ಸಣ್ಣದಾಯಿತು. ಕರೆದು ಕರೆದು ಕಾದದ್ದು, ತೊಡೆಯ ಮೇಲೆ ಮಲಗಿ ಹೇಳಿಕೊಂಡದ್ದು ಎಲ್ಲ ಅವಳಿಗೆ ಒಟ್ಟಿಗೇ ನೆನಪಾಗಿರಬೇಕು. ಅವಳು ಬೆನ್ನು ತಿರುಗಿಸಿ ಹಳ್ಳದಂಚಿನ ತಮ್ಮ ಗುಡಿಸಲ ಕಡೆ ಓಡಿದಳು. ಹುಟ್ಟಿದಾಗಿನಿಂದ ಒಮ್ಮೆಯೂ ಕರೆಯದ ಮಗಳನ್ನು ಹುಲುಗಪ್ಪ ಹೆಸರು ಹಿಡಿದು ಕರೆದ. “ದುರುಗೀ!” ಎಂದ. ಮತ್ತೆ ಕರೆದ. ಮೂರನೆಯ ಸಲ ಕರೆದ. ಅವಳು ತಿರುಗಿ ನೋಡಲಿಲ್ಲ. ಅವಳಿಗೆ ಕೇಳಿಸಿತ್ತು.

ಮೂರಕ್ಕೆ ಏರಿ ಕಡಿದರು. ದೊರೆಗಳು ಹೊತ್ತಿನ ವಿಷಯದಲ್ಲಿ ಬಹಳ ಶಿಸ್ತಿನವರು. ನೀರು ಕೇರಿಯ ಮೇಲೆ ಬಿದ್ದಾಗ ಉಳಿದದ್ದು ಎತ್ತರದಲ್ಲಿದ್ದ ಮಾರೆಮ್ಮನ ಕಟ್ಟೆಯೊಂದೇ. ಸೊಂಟದ ಮಟ್ಟದ ನೀರಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು, ಪೂಜೆಗೆ ಬಂದವರೆಲ್ಲ ಬದುಕಿದರು. ಬರದವರು ಹೋದರು. ಎಷ್ಟು ಜನವೆಂದು ಯಾರೂ ಎಣಿಸಲಿಲ್ಲ. ನಾಯಿಗಾದರೆ ಕಲ್ಲು ಹಾಕಿಸುತ್ತಿದ್ದರು. ದುರುಗಿ ಮೂರನೆಯ ದಿನ ಹಳ್ಳದ ಕೆಳಗಿನ ಜಾಲಿಯಲ್ಲಿ ಸಿಕ್ಕಳೆನ್ನುತ್ತಾರೆ.

ಇಷ್ಟಾದ ಮೇಲೆ ಕೇರಿಯವರು ದೊರೆಯ ಮೇಲೆ ತಿರುಗಿಬಿದ್ದರೇ ಎಂದು ಯಾರಾದರೂ ಕೇಳಿದರೆ ಮೇಷ್ಟ್ರ ತುಟಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ತಿರುಗಿಬೀಳುವುದೇಕೆ? ಅಮ್ಮ ಮೂಗನ ಬಾಯಲ್ಲಿ ಬಂದು ಕಾಪಾಡಿದ್ದಾಳೆ. ನಂಬಿ ಬಂದವರು ಉಳಿದರು, ನಂಬದವರು ಹೋದರು. ಇದರಲ್ಲಿ ದೊರೆಯದೇನು, ಗುದ್ದಲಿಯದೇನು? ಸುಂಕಮ್ಮ ಎದೆ ಬಡಿದುಕೊಂಡು, ನನ್ನ ಗಂಡನಿಗೆ ಮೊದಲಿಂದ ಕಿವಿ ಕೇಳುತ್ತಿತ್ತು, ಏರಿ ಕಡಿಸಿದರು, ಕೊಂದರು ಎಂದು ಕೂಗಿದಾಗ, ದೇವಿಯ ಹೆಸರು ಕೆಡಿಸುತ್ತೀಯಾ ಎಂದು ಆ ಉಳಿದ ಜನವೇ ಅವಳ ಬಾಯಿ ಮುಚ್ಚಿಸಿದರಂತೆ. ಕಚೇರಿಯ ಕಾಗದದಲ್ಲಿ ಏರಿ ತಾನಾಗಿ ಒಡೆಯಿತೆಂದು ಬರೆದುಕೊಂಡರು. ಎರಡೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡವು.

ಹುಲುಗಪ್ಪ ಎಂಟನೆಯ ದಿನ ಕಚೇರಿಗೆ ಬಂದು ತನ್ನ ಜಾಗದಲ್ಲಿ ಕೂತ. ಕಿವುಡ ಮಾತಾಡಿದನೆಂಬ ಸುದ್ದಿ ಒಳಗೂ ಮುಟ್ಟಿತ್ತು. ಗೋಡೆಗೆ ಮುಖಮಾಡಿ ನಿಲ್ಲಿಸಿದರು, ಹರಿವಾಣ ಬಿತ್ತು, ಅವನು ಅಲುಗಲಿಲ್ಲ. ಕಿವಿಯ ಪಕ್ಕದಲ್ಲಿ ಪಿಸ್ತೂಲು ಹಾರಿಸಿದರು. ಕಿಟಕಿಯ ಪಾರಿವಾಳಗಳು ಹಾರಿದವು, ಅವನ ರೆಪ್ಪೆ ಬಡಿಯಲಿಲ್ಲ. ದೊರೆಗೆ ಸಮಾಧಾನವಾಯಿತು. ಅಷ್ಟು ಹೊತ್ತಿಗೆ ಅವನು ನಿಜವಾಗಿಯೇ ಕಿವುಡಾಗಿದ್ದ ಎಂದು ಕೆಲವರು, ಇಲ್ಲ, ಹುಣಸೆಮರದಡಿ ಕಲಿತದ್ದನ್ನೇ ಕೊನೆಗಾಲದವರೆಗೂ ನಡೆಸಿದ ಎಂದು ಕೆಲವರು. ಸುಂಕಮ್ಮನಿಗೂ ಅದು ತಿಳಿಯಲಿಲ್ಲ. ಒಂದು ದಿನ ಅವಳು ಹಿಂದಿನಿಂದ ಬಂದು, “ಹಗ್ಗ ಹತ್ತಕ್ಕೇ ಬಿಟ್ಟು ಬಂದಿದ್ರೆ?” ಎಂದು ಕೇಳಿದಳಂತೆ. ಅವನು ತಿರುಗಲಿಲ್ಲ. ಮತ್ತೆ ಅವಳು ಕೇಳಲಿಲ್ಲ. ಅವನು ಮುಪ್ಪಾಗಿ ಒಂದು ಮಧ್ಯಾಹ್ನ ಹಗ್ಗ ಹಿಡಿದೇ ಗೋಡೆಗೊರಗಿ ತೀರಿಹೋದ. ಒಳಗಿನವರಿಗೆ ಗೊತ್ತಾದದ್ದು ಸೆಖೆಯಾದಾಗ. ಕೇರಿಯವರು ಬಂದು ಕಿಂಡಿಗೆ ಅರಿಸಿನ ಹಚ್ಚಿದರು. ಅಂದಿನಿಂದ ಅದು ಕಿವುಡಪ್ಪನ ಕಿಂಡಿ. ಅವನು ಯಾರು ಕರೆದರೂ ತಿರುಗುತ್ತಿರಲಿಲ್ಲವಾದ್ದರಿಂದ ಅಲ್ಲಿಗೆ ಬಂದವರೂ ತಿರುಗಬಾರದೆಂದು ಯಾರೋ ಕಟ್ಟಳೆ ಮಾಡಿದರು. ಹೆಸರಿಗೂ ಕಟ್ಟಳೆಗೂ ಇದೇ ಮೂಲ ಎನ್ನುತ್ತಾರೆ.

ಕಥೆ ಮುಗಿದ ಮೇಲೆ ಜನ ಎದ್ದು ಒಬ್ಬೊಬ್ಬರಾಗಿ ಕಿಂಡಿಯ ಗೀರಿನಲ್ಲಿ ಹೆಬ್ಬೆರಳಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಆಟ ಶುರು. ಗೇಟಿನ ಕಡೆ ನಡೆಯುವವರನ್ನು ಹಿಂದಿನವರು ಕರೆಯುವುದು, ಅವರು ನಗು ತಡೆದುಕೊಂಡು ಮುಂದೆ ನಡೆಯುವುದು. ಹೋದ ಭಾನುವಾರ ಬಂದವರಲ್ಲಿ ಒಬ್ಬ ತಂದೆ, ಅವನ ಐದಾರು ವರ್ಷದ ಮಗಳು ಇದ್ದರು. ತಂದೆ ಮುಂದೆ ನಡೆದ. ಮಗು ಕಿಂಡಿಯ ಬಳಿ ನಿಂತು ಅಪ್ಪಾ ಎಂದಿತು. ಅವನು ಭುಜ ಕುಣಿಸಿ ನಡೆದ. ಅಪ್ಪಾ ಎಂದು ಇನ್ನೊಂದು ಸಲ ಕರೆಯಿತು. ಸುತ್ತಲಿನವರು ನಕ್ಕರು, ಯಾರೋ ವಿಡಿಯೋ ಹಿಡಿದರು. ಮೂರನೆಯ ಸಲದ ದನಿಯಲ್ಲಿ ಆಟ ಇರಲಿಲ್ಲ.

“ತಿರುಗ್ರೀ ಸ್ವಾಮೀ!” ಎಂದು ಮೇಷ್ಟ್ರು ಕೂಗಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. “ಕಟ್ಟಳೆ ಹಾಳಾಗಿ ಹೋಗ್ಲಿ. ಮಗು ಕರೀತೈತೆ, ತಿರುಗಿ ನೋಡ್ರಿ!”

ಅವನು ಬೆಪ್ಪಾಗಿ ತಿರುಗಿದ. ಅಷ್ಟರಲ್ಲಿ ಮಗು ಬೆನ್ನು ಮಾಡಿ ನಿಂತಿತ್ತು. ಅವನು ಹೆಸರು ಹಿಡಿದು ಕರೆದ, ಮಗು ಅಲುಗಲಿಲ್ಲ. ಮತ್ತೆ ಕರೆದ. ಮೇಷ್ಟ್ರು ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಮೂರನೆಯ ಕರೆಗೆ ಮಗು ಮೂಗು ಒರೆಸಿಕೊಳ್ಳುತ್ತ ಓಡಿಹೋಗಿ ಅಪ್ಪನ ಕಾಲು ತಬ್ಬಿತು. ಅವನು ಅವಳನ್ನು ಎತ್ತಿಕೊಂಡು ಮೇಷ್ಟ್ರ ಹತ್ತಿರ ಬಂದು, ಸ್ವಲ್ಪ ನಾಚಿಕೆಯಿಂದ, ಆ ಹುಲ್ಲುಕೇರಿ ಇದ್ದದ್ದು ಎಲ್ಲಿ ಎಂದು ಕೇಳಿದ. ಮೇಷ್ಟ್ರು ಕೊಡೆಯ ತುದಿಯಿಂದ ಕಿಂಡಿಯ ನೇರಕ್ಕೆ, ರಸ್ತೆಯಾಚೆ ದೂರದ ತಗ್ಗನ್ನು ತೋರಿಸಿದರು. ಅಲ್ಲಿ ಈಗ ಗಾಲ್ಫ್ ಮೈದಾನವಿದೆ. ಬೇಸಿಗೆಯಲ್ಲೂ ಹಸಿರು ಬತ್ತದ ಜಾಗ. ಮಾರೆಮ್ಮನ ಕಟ್ಟೆಯ ಮೇಲೆ ಆಟಗಾರರಿಗೆ ಬಣ್ಣದ ಕೊಡೆ, ಕುರ್ಚಿ ಹಾಕಿದ್ದಾರೆ.

“ಎಷ್ಟು ಚೆನ್ನಾಗಿದೆ ಹುಲ್ಲು,” ಎಂದ ಅವನು, ಮಗುವಿಗೆ ತೋರಿಸುತ್ತ.

ಆಗಲೇ ಎರಡು ಹೆಜ್ಜೆ ಮುಂದೆ ಹೋಗಿದ್ದ ಮೇಷ್ಟ್ರಿಗೆ ಕೇಳಿಸಿತು. ಅವರು ತಿರುಗಲಿಲ್ಲ, ಹೋಟೆಲಿನ ಕಡೆ ನಡೆದರು.